1949ರ ಬ್ಯೂಕ್, ಆರು ವೋಲ್ಟ್, ಮತ್ತು ಹೊಸ ಪೇಂಟಿನ ಕೆಳಗೆ ಅಡಗಿದ್ದ ತೊಂದರೆ

ಹೋದ ವರ್ಷ ಆಗಸ್ಟ್‌ನ ಮೂರನೇ ಶನಿವಾರ, ಮಧ್ಯಾಹ್ನ ಎರಡೂವರೆ. ಡೆಟ್ರಾಯಿಟ್‌ನ ಉತ್ತರಕ್ಕೆ ವುಡ್‌ವರ್ಡ್ ಅವೆನ್ಯೂ ಪಕ್ಕದ ಒಂದು ಪೆಟ್ರೋಲ್ ಬಂಕ್. ಅಲ್ಲಿ ಕೆನೆ ಬಣ್ಣದ 1949ರ ಬ್ಯೂಕ್ ರೋಡ್‌ಮಾಸ್ಟರ್ ಕನ್ವರ್ಟಿಬಲ್ ನಿಂತಿತ್ತು. ಟಾಪ್ ಮಡಚಿಕೊಂಡು ಹಿಂದೆ ಕೂತಿತ್ತು, ಕೆಂಪು ಚರ್ಮದ ಸೀಟು ಬಿಸಿಲಿಗೆ ಕಾದಿತ್ತು, ಸುತ್ತ ಹತ್ತಿಪ್ಪತ್ತು ಜನ ಫೋನ್ ಹಿಡಿದು ಫೋಟೋ ತೆಗೆಯುತ್ತಿದ್ದರು. ಸ್ಟಿಯರಿಂಗ್ ಹಿಂದೆ ನಮ್ಮ ಪಕ್ಕದ ಮನೆಯ ಹಿರಿಯರು. ಕೀ ತಿರುಗಿಸಿದರು, ಆಕ್ಸಿಲರೇಟರ್ ಒತ್ತಿದರು. ಸೆಲ್ಫ್ ಎರಡು ಸಲ ನಿಧಾನಕ್ಕೆ ನರಳಿತು. ನಿಂತುಹೋಯಿತು. ಮತ್ತೆ ಒತ್ತಿದರು, ಈ ಸಲ ಒಂದೇ ಸಲ ನರಳಿತು. ಹದಿನೈದು ನಿಮಿಷ ಮುಂಚೆ ತಾನೇ ನಡೆಸಿಕೊಂಡು ಬಂದ ಕಾರು.

ಕೊನೆಗೆ ಟೋ ಟ್ರಕ್ ಕರೆಸಬೇಕಾಯಿತು. ಎರಡು ವರ್ಷ ಬಿಚ್ಚಿ, ತಿಕ್ಕಿ, ಪೇಂಟ್ ಮಾಡಿಸಿ, ಕೈಯಲ್ಲಿದ್ದ ದುಡ್ಡೆಲ್ಲ ಸುರಿದು ಹೊಸದು ಮಾಡಿಸಿದ ಕಾರು ಅಷ್ಟು ಜನರ ಎದುರು ಟ್ರಕ್ ಮೇಲೆ ಏರಿದಾಗ ಅವರ ಮುಖ ನೋಡಲು ಆಗಲಿಲ್ಲ. ಎಂಬತ್ತರ ಹತ್ತಿರದ ವಯಸ್ಸು. ಫ್ಲಿಂಟ್‌ನ ಬ್ಯೂಕ್ ಕಾರ್ಖಾನೆಯಲ್ಲಿ ಜೀವಮಾನವಿಡೀ ಕೆಲಸ ಮಾಡಿದವರು. ಈ ಕಾರು ಅದೇ ಊರಿನದು. ಆ ಕಾರ್ಖಾನೆ 1999ರಲ್ಲಿ ಮುಚ್ಚಿತು. ಅದರಿಂದ ಹೊರಬಂದ ಒಂದು ಗಾಡಿಯಾದರೂ ತನ್ನ ಮನೆ ಮುಂದೆ ಓಡಬೇಕು ಅನ್ನುವುದು ಅವರ ಆಸೆ.

ನಾನು ಮಿಶಿಗನ್‌ನಲ್ಲೇ ಕಾರುಗಳ ವೈರಿಂಗ್ ಕೆಲಸದಲ್ಲಿದ್ದೇನೆ. ಮರುದಿನ ಭಾನುವಾರ ಅವರ ಗ್ಯಾರೇಜಿಗೆ ಹೋಗಿ, ನಾನೊಂದು ಸಲ ನೋಡಲಾ ಅಂತ ಕೇಳಿದೆ. ಅಲ್ಲಿಂದ ಅಕ್ಟೋಬರ್‌ವರೆಗೆ ಏನೇನಾಯಿತು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಹಳೇ ಗಾಡಿ ರಿಪೇರಿ ಮಾಡಿಸಿ ಇದೇ ಕಷ್ಟಕ್ಕೆ ಸಿಕ್ಕಿದವರು ತುಂಬಾ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಬೇಡದ ಜಾಗದಲ್ಲಿ ದುಡ್ಡು ಹಾಕುತ್ತಾರೆ.

ಮೊದಲು ಕಾರಿನ ಬಗ್ಗೆ. ಯುದ್ಧದ ಸಲುವಾಗಿ 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜನಸಾಮಾನ್ಯರ ಕಾರು ತಯಾರಿಕೆ ನಿಂತಿತ್ತು. ಬ್ಯೂಕ್ ಕಾರ್ಖಾನೆ ವಿಮಾನದ ಎಂಜಿನ್ ಮಾಡಿತು, ಹೆಲ್‌ಕ್ಯಾಟ್ ಅನ್ನುವ ಟ್ಯಾಂಕ್ ನಾಶಕ ಗಾಡಿ ಮಾಡಿತು. ಯುದ್ಧ ಮುಗಿದ ಮೇಲೆ 1946ರಿಂದ 48ರವರೆಗೆ ಮಾರಿದ್ದು ಹೆಚ್ಚುಕಡಿಮೆ 1942ರ ಆಕಾರವನ್ನೇ. ರೋಡ್‌ಮಾಸ್ಟರ್‌ಗೆ ನಿಜವಾಗಿ ಹೊಸ ಬಾಡಿ ಬಂದಿದ್ದು 1949ರಲ್ಲಿ. ಬಾನೆಟ್ಟಿನ ಪಕ್ಕದಲ್ಲಿ ಸಾಲಾಗಿ ತೂತುಗಳು ಬಂದಿದ್ದೂ ಆ ವರ್ಷವೇ, ರೋಡ್‌ಮಾಸ್ಟರ್‌ಗೆ ಒಂದೊಂದು ಕಡೆ ನಾಲ್ಕು, ಅದರ ಕೆಳಗಿನ ಸೂಪರ್ ಮಾಡೆಲ್‌ಗೆ ಮೂರು. ಅದರ ಹಿಂದೆ ಒಂದು ಚಂದದ ಕಥೆ ಇದೆ. ಡಿಸೈನರ್ ನೆಡ್ ನಿಕಲ್ಸ್ ತಮ್ಮ ಸ್ವಂತ ಕಾರಿನ ಬಾನೆಟ್ಟಿಗೆ ತೂತು ಕೊರೆದು, ಒಳಗೆ ದೀಪ ಇಟ್ಟು, ಎಂಜಿನ್ನಿನ ಕಿಡಿಯ ಜೊತೆಗೇ ಮಿನುಗುವ ಹಾಗೆ ವೈರ್ ಮಾಡಿಕೊಂಡಿದ್ದರು. ಬ್ಯೂಕ್ ಮುಖ್ಯಸ್ಥ ಹಾರ್ಲೋ ಕರ್ಟಿಸ್ ಅದನ್ನು ನೋಡಿ ಮೆಚ್ಚಿದರು, ದೀಪ ಬಿಟ್ಟು ತೂತು ಇಟ್ಟುಕೊಂಡರು.

ಎಂಜಿನ್ ಒಂದೇ ಸಾಲಿನ ಎಂಟು ಸಿಲಿಂಡರ್, 320 ಘನ ಇಂಚು, ಅಂದರೆ ಸುಮಾರು 5.2 ಲೀಟರ್, 150 ಕುದುರೆ ಶಕ್ತಿ. ಗೇರ್ ಬದಲಿಸುವ ಕೆಲಸ ಇಲ್ಲ, ಡೈನಾಫ್ಲೋ ಆಟೋಮ್ಯಾಟಿಕ್. ತೂಕ ಹೆಚ್ಚುಕಡಿಮೆ ಎರಡು ಟನ್. ಹಾಗಾಗಿ ನಮ್ಮೂರಲ್ಲಿ ಮಾಡುವ ಹಾಗೆ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡೋಣ ಅನ್ನುವ ಮಾತೇ ಇಲ್ಲ.

ಮುಖ್ಯವಾದ ವಿಷಯ ಇನ್ನೊಂದು. ಇದು ಆರು ವೋಲ್ಟಿನ ಗಾಡಿ, ಇವತ್ತಿನ ಕಾರುಗಳ ಹಾಗೆ ಹನ್ನೆರಡಲ್ಲ.

ಸ್ಟಾರ್ಟ್ ಮಾಡುವ ಕ್ರಮವೂ ವಿಚಿತ್ರ. ಕೀ ಆನ್ ಮಾಡಬೇಕು, ಆಮೇಲೆ ಆಕ್ಸಿಲರೇಟರನ್ನೇ ಕೆಳಗೆ ಒತ್ತಬೇಕು. ಕಾರ್ಬೊರೇಟರ್‌ನಲ್ಲಿರುವ ಒಂದು ಸ್ವಿಚ್ ಸೆಲ್ಫ್‌ಗೆ ಆಜ್ಞೆ ಕೊಡುತ್ತದೆ. ಎಂಜಿನ್ ಹಿಡಿದ ಕೂಡಲೇ ಅದರ ವ್ಯಾಕ್ಯೂಮ್ ಆ ಸ್ವಿಚ್ಚನ್ನು ಬಿಡಿಸುತ್ತದೆ. ಆ ಕಾಲಕ್ಕೆ ತುಂಬಾ ಜಾಣತನದ ವ್ಯವಸ್ಥೆ. ಆದರೆ ಒಂದು ತೊಡಕಿದೆ. ಸ್ಟಾರ್ಟ್ ಮಾಡಲು ಪೆಡಲ್ ಒತ್ತಿದಾಗಲೆಲ್ಲ ಒಂದಿಷ್ಟು ಪೆಟ್ರೋಲ್ ಕೂಡ ಒಳಗೆ ಚಿಮ್ಮುತ್ತದೆ. ಎಂಜಿನ್ ಬಿಸಿ ಇದ್ದು ಒಂದೇ ಸಲಕ್ಕೆ ಹಿಡಿಯದಿದ್ದರೆ, ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತುತ್ತೇವೆ, ಪೆಟ್ರೋಲ್ ಓವರ್‌ಫ್ಲೋ ಆಗುತ್ತದೆ, ಆಮೇಲೆ ಇನ್ನೂ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ.

ನಾನು ಕೈ ಹಾಕುವ ಮುಂಚೆಯೇ ಅವರ ಗೆಳೆಯರ ಬಳಗ ಮೂರು ಸುತ್ತು ಚಿಕಿತ್ಸೆ ಮಾಡಿ ಮುಗಿಸಿತ್ತು. ಮೊದಲನೇ ಸುತ್ತಿನಲ್ಲಿ, ಪೆಟ್ರೋಲ್ ಕಾದು ಪೈಪಿನಲ್ಲೇ ಆವಿಯಾಗುತ್ತಿದೆ ಅಂದರು. ಅದಕ್ಕೆ ಇಲ್ಲಿನ ಹಳೇ ಕಾಲದ ನಾಟಿ ಮದ್ದು ಅಂದರೆ ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳನ್ನು ಪೆಟ್ರೋಲ್ ಪೈಪಿಗೆ ಸಾಲಾಗಿ ಸಿಕ್ಕಿಸುವುದು. ಅದನ್ನೂ ಮಾಡಿದ್ದರು. ನಾನು ಬಾನೆಟ್ ತೆಗೆದಾಗ ಎಂಟು ಕ್ಲಿಪ್ಪು ಹಾಗೇ ಇದ್ದವು. ಎರಡನೇ ಸುತ್ತಿನಲ್ಲಿ ಹೊಸ ಬ್ಯಾಟರಿ ಬಂತು. ಎರಡು ವಾರ ಚೆನ್ನಾಗಿದೆ ಅನ್ನಿಸಿ ಮತ್ತೆ ಅದೇ ಕಥೆ. ಮೂರನೇ ಸುತ್ತಿನಲ್ಲಿ ಸೆಲ್ಫ್ ಮೋಟಾರ್ ಬಿಚ್ಚಿ ಬುಶ್, ಬ್ರಶ್ ಬದಲಿಸಿ ತಂದರು. ಟೇಬಲ್ ಮೇಲಿಟ್ಟು ಕರೆಂಟ್ ಕೊಟ್ಟರೆ ಗಿರ್ರನೆ ತಿರುಗುತ್ತದೆ. ಕಾರಿಗೆ ಹಾಕಿದರೆ ತಣ್ಣಗಿದ್ದಾಗ ಪರವಾಗಿಲ್ಲ, ಬಿಸಿಯಾದರೆ ಎಳೆಯುವುದಿಲ್ಲ.

ಹೀಗಾಗಿ ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದಿದ್ದರು. ಆರು ವೋಲ್ಟ್ ಸಾಕಾಗುವುದಿಲ್ಲ, ಹನ್ನೆರಡು ವೋಲ್ಟ್‌ಗೆ ಬದಲಿಸಿಬಿಡಿ. ಒಬ್ಬರಂತೂ ಎಂಟು ವೋಲ್ಟಿನ ಬ್ಯಾಟರಿ ಹಾಕಿ ಅಂದಿದ್ದರು. ಅದೂ ಇಲ್ಲಿ ಸಿಗುತ್ತದೆ, ಹಳೇ ಕಾರಿನವರು ಹಾಕುತ್ತಾರೆ, ಬಲ್ಬುಗಳು ಬೇಗ ಸುಡುತ್ತವೆ, ಚಾರ್ಜಿಂಗ್ ರೆಗ್ಯುಲೇಟರನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹನ್ನೆರಡು ವೋಲ್ಟ್‌ಗೆ ಬದಲಿಸಲು ಒಂದು ವರ್ಕ್‌ಶಾಪ್ ಕೆಲವು ಸಾವಿರ ಡಾಲರ್ ಹೇಳಿತ್ತು. ಹಿರಿಯರು ಒಪ್ಪುವ ಅಂಚಿನಲ್ಲಿದ್ದರು.

ನನಗೆ ಇದು ಸುತರಾಂ ಸರಿ ಅನ್ನಿಸಲಿಲ್ಲ. ಈ ಕಾರು 1949ರಲ್ಲಿ ಹೊಸದಾಗಿ ಹೊರಬಂದಾಗ ಅದೇ ಆರು ವೋಲ್ಟ್‌ನಲ್ಲಿ ಟೆಕ್ಸಸ್ ಬೇಸಿಗೆಯಲ್ಲೂ ಸ್ಟಾರ್ಟ್ ಆಗುತ್ತಿತ್ತು, ಮಿಶಿಗನ್ ಚಳಿಯಲ್ಲೂ ಸ್ಟಾರ್ಟ್ ಆಗುತ್ತಿತ್ತು. ಆಗದಿದ್ದರೆ ಯಾರು ಕೊಳ್ಳುತ್ತಿದ್ದರು? ಬ್ಯೂಕ್ ತನ್ನ ದೊಡ್ಡ ಕಾರುಗಳನ್ನು ಹನ್ನೆರಡು ವೋಲ್ಟ್‌ಗೆ ಬದಲಿಸಿದ್ದು 1953ರಲ್ಲಿ, ಹೊಸ ವಿ-8 ಎಂಜಿನ್ ಬಂದಾಗ. ಅಲ್ಲಿಯವರೆಗೆ ಲಕ್ಷಾಂತರ ಗಾಡಿ ಆರರಲ್ಲೇ ಓಡಿವೆ. ಅಂದರೆ ಆಗ ಇದ್ದ ಏನೋ ಒಂದು ಈಗ ಈ ಕಾರಿನಲ್ಲಿ ಇಲ್ಲ.

ಆ ಭಾನುವಾರ ರಾತ್ರಿ ಮೈಸೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಸುಮ್ನೆ ಈ ವಿಷಯ ಹೇಳಿದೆ. ಅಪ್ಪನಿಗೆ ಅಮೆರಿಕದ ಕಾರು ಗೊತ್ತಿಲ್ಲ, ಆದರೆ ಆರು ವೋಲ್ಟ್ ಅಂದರೆ ಚೆನ್ನಾಗಿ ಗೊತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್ ಬೈಕನ್ನೇ ಇಪ್ಪತ್ತು ವರ್ಷ ಓಡಿಸಿದವರು. ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿಯ ಹಾಗೆ ಆಗುತ್ತಿತ್ತು, ಒಂದೆರಡು ಸಲ ರೇಸ್ ಮಾಡಿದರೆ ಮತ್ತೆ ಬೆಳಕು ಬರುತ್ತಿತ್ತು. ಪೆಟ್ರೋಲ್ ಟ್ಯಾಂಕ್ ಮೇಲೆ ಕೂತಿದ್ದ ನನಗೆ ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಕೇಳಿದ್ದು ಒಂದೇ ಮಾತು. "ಅರ್ತ್ ನೋಡಿದ್ಯಾ? ಪೇಂಟ್ ಹೊಡೆಸಿದ ಮೇಲೆ ಶುರುವಾಯ್ತು ಅಂತೀಯ. ಜಾವಾಗೆ ಪೇಂಟ್ ಮಾಡಿಸಿಕೊಂಡು ಬಂದ ದಿನ ಹಾರನ್ನೂ ಹೊಡೀತಿರಲಿಲ್ಲ ಕಣೇ. ಅರ್ತ್ ಬೋಲ್ಟ್ ಕೆಳಗೆ ಕೆರೆದು ಹಾಕಿದ್ರೆ ಸರಿಹೋಯ್ತು."

ಅಪ್ಪ ಹೇಳಿದ್ದು ಯಾಕೆ ಸರಿ ಅನ್ನುವುದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಪ್ರಕರಣದ ತಿರುಳು ಇದೇ. ಗಾಡಿಯಲ್ಲಿ ಕರೆಂಟ್ ಬ್ಯಾಟರಿಗೆ ವಾಪಸ್ ಬರುವುದು ಎಂಜಿನ್, ಬಾಡಿಯ ಲೋಹದ ಮೂಲಕ. ಆ ವಾಪಸ್ ದಾರಿಯ ಜೋಡಣೆಗೇ ಅರ್ತ್ ಅನ್ನುವುದು.

ಎಂಜಿನ್ ತಿರುಗಿಸಲು ಇಷ್ಟು ಶಕ್ತಿ ಬೇಕು ಅಂತ ಇಟ್ಟುಕೊಳ್ಳಿ. ವೋಲ್ಟ್ ಅರ್ಧ ಆದರೆ ಅದೇ ಶಕ್ತಿಗೆ ಕರೆಂಟ್ ಎರಡು ಪಟ್ಟು ಹರಿಯಬೇಕು. ವೈರಿನಲ್ಲಿ, ಜೋಡಣೆಯಲ್ಲಿ ಕಳೆದುಹೋಗುವ ವೋಲ್ಟೇಜ್ ಕರೆಂಟಿನ ಮೇಲೆ ನಿಂತಿದೆ. ಕರೆಂಟ್ ಎರಡು ಪಟ್ಟಾದರೆ ನಷ್ಟವೂ ಎರಡು ಪಟ್ಟು. ಅಷ್ಟೇ ಅಲ್ಲ, ನಮ್ಮ ಹತ್ತಿರ ಇರುವ ಒಟ್ಟು ವೋಲ್ಟೇ ಅರ್ಧ. ಹಾಗಾಗಿ ಪಾಲಿನ ಲೆಕ್ಕದಲ್ಲಿ ನಷ್ಟ ನಾಲ್ಕು ಪಟ್ಟು. ಹನ್ನೆರಡು ವೋಲ್ಟ್ ಗಾಡಿಯಲ್ಲಿ ಯಾರ ಗಮನಕ್ಕೂ ಬಾರದ ಒಂದು ಸಡಿಲ ಲಗ್ (ಕೇಬಲ್ ತುದಿಯ ಲೋಹದ ಉಂಗುರ), ಆರು ವೋಲ್ಟ್ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಿಬಿಡುತ್ತದೆ.

ಮುಂದಿನ ಶನಿವಾರ ವೋಲ್ಟ್ ಮೀಟರ್, ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತಗೊಂಡು ಹೋದೆ. ಕಾರನ್ನು ಮುಕ್ಕಾಲು ಗಂಟೆ ಊರೆಲ್ಲ ಸುತ್ತಿಸಿ, ಪೂರ್ತಿ ಬಿಸಿ ಮಾಡಿ, ಹತ್ತು ನಿಮಿಷ ಬಿಟ್ಟೆವು. ಎಂಜಿನ್ ನಿಲ್ಲಿಸಿದ ಮೇಲೆ ಮೊದಲ ಕೆಲವು ನಿಮಿಷ ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ, ತೊಂದರೆ ಕಾಣಿಸಿಕೊಳ್ಳುವುದು ಆಗಲೇ. ಎಂಜಿನ್ ಹಿಡಿಯಬಾರದು ಅಂತ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್‌ನಿಂದ ಬರುವ ದಪ್ಪ ವೈರ್ ತೆಗೆದು ಅರ್ತ್ ಮಾಡಿಟ್ಟೆ. ಹಿರಿಯರು ಸೀಟಿನಲ್ಲಿ ಕೂತು ಪೆಡಲ್ ಒತ್ತಿದರು, ನಾನು ಬಗ್ಗಿಕೊಂಡು ಅಳೆದೆ.

ಸುಮ್ಮನಿದ್ದಾಗ ಬ್ಯಾಟರಿ 6.3 ವೋಲ್ಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೇಲೆ 5.3. ಅದು ಒಳ್ಳೆಯ ಬ್ಯಾಟರಿಯೇ. ಆದರೆ ಅದೇ ಹೊತ್ತಿಗೆ ಸೆಲ್ಫ್ ಮೋಟಾರಿನ ತುದಿಗೂ ಅದರ ಮೈಗೂ ನಡುವೆ ಬರೀ 4.1. ದಾರಿಯಲ್ಲೇ 1.2 ವೋಲ್ಟ್ ಮಾಯ. ಕರೆಂಟ್ 280 ಆಂಪಿಯರ್ ಆಸುಪಾಸು ಹರಿಯುತ್ತಿತ್ತು. ಗುಣಿಸಿ ನೋಡಿ, 336 ವ್ಯಾಟ್. ಮನೆಯ ಮಿಕ್ಸಿಯ ಅರ್ಧದಷ್ಟು ಶಕ್ತಿ ಕೇಬಲ್ಲು ಬೋಲ್ಟುಗಳನ್ನು ಕಾಯಿಸುವುದಕ್ಕೇ ಹೋಗುತ್ತಿತ್ತು.

ಎಲ್ಲಿ ಹೋಗುತ್ತಿದೆ ಅಂತ ಹುಡುಕುವುದು ಸುಲಭ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ ಇಡಬೇಕು, ಅದಕ್ಕೆ ಬಿಗಿದ ಕೇಬಲ್ಲಿನ ಕ್ಲ್ಯಾಂಪ್ ಮೇಲಲ್ಲ, ಕಂಬದ ಮೇಲೆಯೇ. ಇನ್ನೊಂದನ್ನು ಸೆಲ್ಫ್ ಮೋಟಾರಿನ ಬೋಲ್ಟ್ ಮೇಲೆ. ಸೆಲ್ಫ್ ಹೊಡೆದಾಗ ಮೀಟರ್ ತೋರಿಸುವುದೇ ಆ ದಾರಿಯ ನಷ್ಟ. ಪ್ಲಸ್ ಕಡೆ 0.45 ಬಂತು. ಮೈನಸ್ ಕಂಬದಿಂದ ಸೆಲ್ಫ್‌ನ ಮೈಗೆ ಅಳೆದರೆ 0.75. ಎರಡೂ ಕಡೆ ಸೇರಿ 0.3, ಹೆಚ್ಚೆಂದರೆ 0.4 ಇರಬೇಕಾದ ಜಾಗ ಅದು. ನಾಲ್ಕನೇ ಸಲ ಸೆಲ್ಫ್ ಹೊಡೆದ ಕೂಡಲೇ ಎಂಜಿನ್ನಿಗೆ ಬಿಗಿದಿದ್ದ ಅರ್ತ್ ಕೇಬಲ್ಲಿನ ಲಗ್ ಮುಟ್ಟಿ ನೋಡಿದೆ. ಬೆರಳು ಇಡಲಾಗಲಿಲ್ಲ. ಅದರ ಪಕ್ಕದ ಎಂಜಿನ್ ಕಬ್ಬಿಣವೂ ಬಿಸಿ ಇತ್ತು ನಿಜ, ಆದರೆ ಲಗ್ ಅದಕ್ಕಿಂತ ಬಿಸಿ. ಹಿರಿಯರನ್ನು ಕರೆದು ಅವರ ಬೆರಳನ್ನೂ ಅಲ್ಲಿ ತಾಗಿಸಿದೆ. ಅವರು ಬೆರಳು ಹಿಂದಕ್ಕೆ ತೆಗೆದು, ಏನೂ ಮಾತಾಡದೆ ಹೋಗಿ ಸ್ಪ್ಯಾನರ್ ತಂದರು.

ಬೋಲ್ಟ್ ಬಿಚ್ಚಿದೆವು. ಲಗ್ ಕೆಳಗೆ ಎಂಜಿನ್ನಿನ ಹೊಸ ಪೇಂಟ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಲಗ್ ಕೂತಿದ್ದ ಜಾಗದಲ್ಲಿ ಒಂದು ಉಂಗುರದ ಗುರುತು ಬಿಟ್ಟರೆ ಒಂದು ಗೀರು ಕೂಡ ಇಲ್ಲ. ಅಂದರೆ ಅಷ್ಟೂ ಕರೆಂಟ್ ಲಗ್‌ನಿಂದ ನೇರ ಎಂಜಿನ್ನಿಗೆ ಹೋಗುತ್ತಿರಲಿಲ್ಲ. ಲಗ್‌ನಿಂದ ಬೋಲ್ಟಿನ ತಲೆಗೆ, ಅಲ್ಲಿಂದ ಬೋಲ್ಟಿನ ಮರೆಗಳ (ಥ್ರೆಡ್‌ಗಳ) ಮೂಲಕ ಹೇಗೋ ನುಸುಳಿಕೊಂಡು ಹೋಗುತ್ತಿತ್ತು. ಆ ಮರೆಗಳಲ್ಲೂ ಅಷ್ಟಿಷ್ಟು ಪೇಂಟ್ ಸೇರಿತ್ತು. ದೀಪಕ್ಕೆ ಆ ದಾರಿ ಸಾಕು. 280 ಆಂಪಿಯರ್‌ಗೆ ಎಲ್ಲಿ ಸಾಕು?

ಇದನ್ನು ಮುಂಚೆ ಯಾಕೆ ಯಾರೂ ಹಿಡಿಯಲಿಲ್ಲ ಅಂತ ಹಿರಿಯರು ಕೇಳಿದರು. ಅವರ ಗೆಳೆಯರು ಅರ್ತ್ ನೋಡಿಯೇ ಇದ್ದರು. ಓಮ್ ಮೀಟರ್ ಇಟ್ಟಿದ್ದರು, ಸೊನ್ನೆ ತೋರಿಸಿತ್ತು, ಸರಿ ಇದೆ ಅಂದಿದ್ದರು. ಅವರ ತಪ್ಪಲ್ಲ. 0.75 ವೋಲ್ಟನ್ನು 280ರಿಂದ ಭಾಗಿಸಿದರೆ 0.0027 ಓಮ್ ಬರುತ್ತದೆ. ಸಾಮಾನ್ಯ ಮೀಟರಿಗೆ ಅಷ್ಟು ಚಿಕ್ಕದು ಕಾಣುವುದೇ ಇಲ್ಲ, ಅದರ ಕಡ್ಡಿಗಳ ವೈರಿನಲ್ಲೇ ಅದಕ್ಕಿಂತ ಜಾಸ್ತಿ ಇರುತ್ತದೆ. ಕರೆಂಟ್ ಹರಿಯುತ್ತಿರುವಾಗ ವೋಲ್ಟ್ ಅಳೆದರೆ ಮಾತ್ರ ಇದು ಸಿಕ್ಕಿಬೀಳುತ್ತದೆ.

ಇನ್ನು ಕೇಬಲ್. ನೋಡಲು ದಪ್ಪಗೆ, ಕಪ್ಪಗೆ, ಹೊಚ್ಚ ಹೊಸದಾಗಿತ್ತು. ತುದಿಯನ್ನು ಕತ್ತರಿಸಿ ನೋಡಿದರೆ ದಪ್ಪವೆಲ್ಲ ಮೇಲಿನ ರಬ್ಬರಿನದು, ಒಳಗಿನ ತಾಮ್ರ 4 ಗೇಜ್, ಅಂದರೆ 21 ಚದರ ಮಿಲಿಮೀಟರ್. ಇವತ್ತಿನ ಚಿಕ್ಕ ಹನ್ನೆರಡು ವೋಲ್ಟ್ ಕಾರಿಗೆ ಸರಿ. ಈ ಗಾಡಿಗೆ ಕನಿಷ್ಠ 1/0 ಗೇಜ್, ಸಾಧ್ಯವಾದರೆ 2/0 ಬೇಕು. 2/0 ಅಂದರೆ 67 ಚದರ ಮಿಲಿಮೀಟರ್ ತಾಮ್ರ, ಮೂರು ಪಟ್ಟಿಗಿಂತ ಜಾಸ್ತಿ.

ಆಗ ಹಿರಿಯರಿಗೆ ನೆನಪಾಯಿತು, ಕಾರಿನಿಂದ ಬಿಚ್ಚಿದ ಹಳೇ ಸಾಮಾನನ್ನೆಲ್ಲ ರಟ್ಟಿನ ಡಬ್ಬಗಳಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದರು. ಎರಡನೇ ಡಬ್ಬದಲ್ಲಿ ಸಿಕ್ಕಿತು. ಹಳೇ ಅರ್ತ್ ಪಟ್ಟಿ. ಜಡೆ ಹೆಣೆದ ಹಾಗೆ ಹೆಣೆದ ಬರೀ ತಾಮ್ರದ ಪಟ್ಟಿ, ಮೇಲೆ ರಬ್ಬರ್ ಇಲ್ಲ, ಎಣ್ಣೆ ಕುಡಿದು ಕಪ್ಪಾಗಿದೆ, ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿದೆ. ನೋಡಲು ಕೊಳಕು, ಕೈಯಲ್ಲಿ ಹಿಡಿದರೆ ಹೊಸ ಕೇಬಲ್ಲಿಗಿಂತ ಭಾರ. ಕಾರು ರೆಡಿ ಮಾಡಿದವರು ಇದು ಕೊಳಕಾಗಿದೆ ಅಂತ ಬಿಚ್ಚಿಟ್ಟು, ಚಂದ ಕಾಣುವ ತೆಳು ತಾಮ್ರ ಹಾಕಿದ್ದರು. ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಅವರ ಪೇಂಟ್ ಕೆಲಸ, ಕ್ರೋಮ್ ಕೆಲಸ, ಸೀಟಿನ ಹೊಲಿಗೆ ಎಲ್ಲ ಮೊದಲ ದರ್ಜೆಯದು. ಬಾಗಿಲು ಮುಚ್ಚುವ ಸದ್ದು ಕೇಳಿದರೇ ಗೊತ್ತಾಗುತ್ತದೆ. ಆದರೆ ಕಾರು ಚಂದ ಕಾಣಬೇಕು ಅನ್ನುವ ಕಣ್ಣಿನಿಂದಲೇ ಎಲ್ಲವನ್ನೂ ನೋಡಿದ್ದಾರೆ, ಕರೆಂಟ್ ಹೋಗುವ ದಾರಿಯೂ ರಿಪೇರಿಯ ಭಾಗ ಅಂತ ಯಾರಿಗೂ ಹೊಳೆದಿಲ್ಲ. ನನಗೆ ನಿಜವಾಗಿ ಬೇಸರವಾಗಿದ್ದು ಅದಕ್ಕೆ.

ಹಾಗಾದರೆ ಬಿಸಿ ಇದ್ದಾಗ ಮಾತ್ರ ಯಾಕೆ? ಇದಕ್ಕೆ ಒಂದೇ ಕಾರಣ ಇಲ್ಲ, ಮೂರ್ನಾಲ್ಕು ಒಟ್ಟಿಗೆ ಸೇರಿವೆ. ತಾಮ್ರ ಬಿಸಿಯಾದಂತೆ ಅದರ ತಡೆ ಏರುತ್ತದೆ, 60 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು ಕಾಲು ಭಾಗದಷ್ಟು. ಅದು ಕೇಬಲ್ಲಿಗೂ ಆಗುತ್ತದೆ, ಸೆಲ್ಫ್‌ನ ಒಳಗಿನ ಸುರುಳಿಗೂ ಆಗುತ್ತದೆ. ಎಂಜಿನ್ ಹೊಸದಾಗಿ ಕಟ್ಟಿದ್ದು, ಪಿಸ್ಟನ್ ರಿಂಗುಗಳು ಇನ್ನೂ ಬಿಗಿ. ಜೊತೆಗೆ ಇವತ್ತಿನ ಪೆಟ್ರೋಲಿನಲ್ಲಿ ಇಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಭಾಗ ಎಥನಾಲ್ ಇರುತ್ತದೆ, ಕಾದ ಕಾರ್ಬೊರೇಟರ್‌ನಲ್ಲಿ ಬೇಗ ಕುದಿಯುತ್ತದೆ. ಹಾಗಾಗಿ ಬಟ್ಟೆ ಕ್ಲಿಪ್ಪಿನವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಬಿಸಿ ಎಂಜಿನ್ನಿಗೆ ಸ್ವಲ್ಪ ಜಾಸ್ತಿ ಹೊತ್ತು ಸೆಲ್ಫ್ ಬೇಕೇ ಬೇಕು. ಎಲ್ಲಕ್ಕಿಂತ ಕೆಟ್ಟದ್ದು ಕಿಡಿಯದು. ಸೆಲ್ಫ್ ಬ್ಯಾಟರಿಯನ್ನು ಹೀರುತ್ತಿರುವಾಗ ಉಳಿದ ವೋಲ್ಟೇಜಿನಲ್ಲೇ ಕಾಯಿಲ್ ಕಿಡಿ ಮಾಡಬೇಕು. ಅದರ ಅರ್ತ್ ಕೂಡ ಅದೇ ಎಂಜಿನ್, ಅದೇ ಪೇಂಟ್ ಹೊಡೆದ ಬೋಲ್ಟ್. ಆರು ವೋಲ್ಟಿನ ಕಾಯಿಲ್‌ಗೆ ನಾಲ್ಕೂವರೆ ಸಿಕ್ಕರೆ ಒದ್ದೆ ಪ್ಲಗ್ಗಿನಲ್ಲಿ ಎಂಥ ಕಿಡಿ ಬಂದೀತು?

ವುಡ್‌ವರ್ಡ್‌ನಲ್ಲೇ ಹೀಗಾಗಿದ್ದಕ್ಕೂ ಕಾರಣ ಇದೆ. 1995ರಲ್ಲಿ ಶುರುವಾಗಿ, ಆಗಸ್ಟ್‌ನಲ್ಲಿ ಅಲ್ಲಿ ನಡೆಯುವ ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಮೆರವಣಿಗೆಗೆ ಬಂದ ಕಾರುಗಳು ಓಡುವುದಿಲ್ಲ, ತೆವಳುತ್ತವೆ. ಮೈಸೂರಲ್ಲಿ ದಸರಾ ದಿನ ಸಯ್ಯಾಜಿರಾವ್ ರಸ್ತೆ ಇದ್ದ ಹಾಗೆ. ಎಂಜಿನ್ ಐಡಲಿಂಗ್‌ನಲ್ಲಿದ್ದರೆ ಡೈನಮೋ ಕೊಡುವುದು ಏನೂ ಇಲ್ಲ ಅನ್ನಬಹುದು. ಬ್ಯಾಟರಿ ಕರಗುತ್ತಾ ಇರುತ್ತದೆ, ಗಾಳಿ ಇಲ್ಲದೆ ಎಂಜಿನ್ ಕಾಯುತ್ತಾ ಇರುತ್ತದೆ. ಅಪ್ಪನ ಜಾವಾ ಸಿಗ್ನಲ್‌ನಲ್ಲಿ ಮಂಕಾಗುತ್ತಿದ್ದದ್ದೂ ಇದೇ ಕಾರಣಕ್ಕೆ.

ಇನ್ನೊಂದು ಸುಳಿವು ಮೊದಲಿಂದಲೂ ಎದುರಿಗೇ ಇತ್ತು. ಈ ಕಾರಿನ ಕಿಟಕಿ ಗಾಜು, ಮುಂದಿನ ಸೀಟು, ಮಡಚುವ ಟಾಪ್ ಎಲ್ಲವೂ ಎಣ್ಣೆಯ ಒತ್ತಡದಲ್ಲಿ ನಡೆಯುತ್ತವೆ. ಒಂದೇ ಒಂದು ವಿದ್ಯುತ್ ಪಂಪ್ ಇದೆ. ಗುಂಡಿ ಒತ್ತಿದರೆ ಪಂಪ್ ಓಡುತ್ತದೆ, ಎಣ್ಣೆ ಆ ಬಾಗಿಲಿನ ಸಿಲಿಂಡರಿಗೆ ಹೋಗಿ ಗಾಜನ್ನು ಮೇಲೆತ್ತುತ್ತದೆ. ಇಳಿಸಲು ಪಂಪ್ ಬೇಡ, ವಾಲ್ವ್ ತೆರೆದರೆ ಸ್ಪ್ರಿಂಗ್ ಎಳೆದುಕೊಳ್ಳುತ್ತದೆ. ಗಾಜು ಇಳಿಯುವಾಗ ಸರಕ್ಕನೆ ಇಳಿಯುತ್ತಿತ್ತು, ಏರುವಾಗ ಅಳುತ್ತಾ ಏರುತ್ತಿತ್ತು. ಟಾಪ್ ಅರ್ಧಕ್ಕೆ ಬಂದು ಯೋಚನೆ ಮಾಡಿ ಮತ್ತೆ ಹೊರಡುತ್ತಿತ್ತು. ಹಳೇ ಕಾರು, ಹೀಗೇ ಇರುತ್ತದೆ ಅಂತ ಎಲ್ಲರೂ ಬಿಟ್ಟಿದ್ದರು. ಪಂಪ್ ಓಡುವಾಗ ಬಾಡಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಅಳೆದರೆ 1.1 ವೋಲ್ಟ್ ಬಂತು. ಬಾಡಿಯನ್ನು ಬಿಚ್ಚಿ ಪೇಂಟ್ ಮಾಡಿ, ಹೊಸ ರಬ್ಬರಿನ ಮೇಲೆ ಚಾಸಿಗೆ ಕೂರಿಸಿದ್ದರು. ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ ಅಲ್ವಾ? ಬಾಡಿಗೂ ಚಾಸಿಗೂ ನಡುವೆ ಇರಬೇಕಾದ ಅರ್ತ್ ಪಟ್ಟಿಯೇ ಇರಲಿಲ್ಲ. ಅದೂ ಆ ಡಬ್ಬದಲ್ಲೇ ಸಿಕ್ಕಿತು.

ಕೆಲಸ ಎರಡು ಶನಿವಾರ ಹಿಡಿಯಿತು. ವೆಲ್ಡಿಂಗ್‌ನವರು ಬಳಸುವ 2/0 ಕೇಬಲ್ ತಂದೆವು, ಎಳೆ ಸಣ್ಣವು, ಚೆನ್ನಾಗಿ ಬಾಗುತ್ತದೆ. ತವರ ಲೇಪಿಸಿದ ತಾಮ್ರದ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿ ಕೂರಿಸಿದೆವು. ಸುತ್ತಿಗೆಯಿಂದ ಬಡಿದು ಕೂರಿಸಿದ ಲಗ್ ಇಂಥ ಕರೆಂಟಿಗೆ ನಿಲ್ಲುವುದಿಲ್ಲ. ಹಳೇ ಹೆಣೆದ ಪಟ್ಟಿಯನ್ನು ವಿನೆಗರ್‌ನಲ್ಲಿ ನೆನೆಸಿ, ತೊಳೆದು, ಒಣಗಿಸಿ, ಎಂಜಿನ್‌ನಿಂದ ಚಾಸಿಗೆ ಹೆಚ್ಚುವರಿ ಅರ್ತ್ ಆಗಿ ಹಾಕಿದೆವು. ಅದನ್ನು ಮತ್ತೆ ಕಾರಿಗೇ ಹಾಕಬೇಕು ಅನ್ನುವುದು ಹಿರಿಯರ ಹಟ, ನನಗೂ ಇಷ್ಟವಾಯಿತು.

ಪೇಂಟ್ ಕೆರೆಯುವ ಹೊತ್ತಿಗೆ ಮಾತ್ರ ಅವರ ಕೈ ಓಡಲಿಲ್ಲ. ಅಷ್ಟು ದುಡ್ಡು ಕೊಟ್ಟು ಮಾಡಿಸಿದ ಪೇಂಟ್. ನಾನು ಲಗ್ ಇಟ್ಟು ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದೆ, ಆ ಉಂಗುರದ ಒಳಗೆ ಮಾತ್ರ ಎಮರಿ ಪೇಪರ್‌ನಿಂದ ಉಜ್ಜಿದೆ. ಬೂದು ಬಣ್ಣದ ಕಬ್ಬಿಣ ಹೊಳೆಯುವವರೆಗೆ. ಬೋಲ್ಟ್ ತೂತಿನ ಮರೆಗಳಿಗೆ, ಮರೆ ಕೊರೆಯುವ ಟ್ಯಾಪ್ ಹಾಕಿ ಶುಚಿ ಮಾಡಿದೆವು. ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ, ತುಕ್ಕು ಹಿಡಿಯದ ಹಾಗೆ ಮೇಲಿಂದ ವ್ಯಾಸಲೀನ್ ಸವರಿದೆವು. ಲಗ್ ಕೂತ ಮೇಲೆ ಕೆರೆದ ಜಾಗ ಒಂದಿಷ್ಟೂ ಕಾಣುವುದಿಲ್ಲ. ಸಾಮಾನಿಗೆ ಎಲ್ಲಾ ಸೇರಿ 100 ಡಾಲರ್ ಕೂಡ ಆಗಲಿಲ್ಲ.

ಆಮೇಲೆ ಮತ್ತೆ ಅದೇ ಮುಕ್ಕಾಲು ಗಂಟೆ ಸುತ್ತಾಟ, ಅದೇ ಹತ್ತು ನಿಮಿಷ, ಅದೇ ಅಳತೆ. ಬ್ಯಾಟರಿಯ ಮೇಲೆ ಈಗಲೂ 5.3. ಸೆಲ್ಫ್ ಮೇಲೆ 5.0. ನಷ್ಟ 0.3. ಆಂಪಿಯರ್ ಹೆಚ್ಚುಕಡಿಮೆ ಮೊದಲಿನಷ್ಟೇ, ಆದರೆ ತಿರುಗುವ ವೇಗ ಎಷ್ಟೋ ಜಾಸ್ತಿ. ಬರೀ 0.9 ವೋಲ್ಟಿಗೆ ಇಷ್ಟು ವ್ಯತ್ಯಾಸವಾ ಅಂತ ಅನ್ನಿಸಬಹುದು. ಸೆಲ್ಫ್‌ಗೆ ಸಿಕ್ಕ ವೋಲ್ಟೇಜಿನಲ್ಲಿ ಒಂದು ದೊಡ್ಡ ಪಾಲು ಅದರ ಸ್ವಂತ ಸುರುಳಿಯ ತಡೆಗೇ ಹೋಗುತ್ತದೆ, ಉಳಿದದ್ದು ಮಾತ್ರ ವೇಗವಾಗುತ್ತದೆ. ನಾವು ಉಳಿಸಿಕೊಟ್ಟ 0.9 ಪೂರ್ತಿಯಾಗಿ ಆ ಉಳಿದ ಪಾಲಿಗೇ ಸೇರುತ್ತದೆ.

ಕಾಯಿಲ್ ವೈರ್ ವಾಪಸ್ ಹಾಕಿ, ಒಂದೇ ಒಂದು ಮಾತು ಹೇಳಿಕೊಟ್ಟೆ. ಬಿಸಿ ಇದ್ದಾಗ ಪೆಡಲನ್ನು ಮತ್ತೆ ಮತ್ತೆ ಒತ್ತಬೇಡಿ, ನಿಧಾನಕ್ಕೆ ಕೆಳಗೆ ಒತ್ತಿ ಅಲ್ಲೇ ಹಿಡಿದಿಡಿ. ಎಂಜಿನ್ ಎರಡು ಸುತ್ತಿಗೆ ಹಿಡಿಯಿತು. ಆ ಎಂಟು ಸಿಲಿಂಡರಿನ ಸದ್ದು ಹೊಲಿಗೆ ಯಂತ್ರದಷ್ಟು ಮೆತ್ತಗೆ ಇರುತ್ತದೆ, ಗ್ಯಾರೇಜಿನ ಹೊರಗೆ ನಿಂತಿದ್ದ ಅವರ ಹೆಂಡತಿಗೆ ಸ್ಟಾರ್ಟ್ ಆಗಿದ್ದೇ ಗೊತ್ತಾಗಲಿಲ್ಲ.

ಹನ್ನೆರಡು ವೋಲ್ಟ್‌ಗೆ ಬದಲಿಸಿದ್ದರೆ ಏನಾಗುತ್ತಿತ್ತು? ಕಾರು ಸ್ಟಾರ್ಟ್ ಆಗುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಡೈನಮೋ, ರೆಗ್ಯುಲೇಟರ್, ಕಾಯಿಲ್, ಎಲ್ಲ ಬಲ್ಬು, ಹೀಟರ್ ಮೋಟಾರ್, ಗಡಿಯಾರ, ಹಾರನ್, ಆ ಎಣ್ಣೆ ಪಂಪು, ಅದರ ಒಂದೊಂದು ವಾಲ್ವು ಎಲ್ಲಕ್ಕೂ ಕೈ ಹಾಕಬೇಕಿತ್ತು. ಗಾಜಿನ ವಾಲ್ವುಗಳ ಹಳೇ ರೇಡಿಯೋವನ್ನು ಎತ್ತಿಡಬೇಕಿತ್ತು. ಬಾಡಿಗೆ ಅರ್ತ್ ಇಲ್ಲದ ತೊಂದರೆ ಹಾಗೇ ಉಳಿದು, ಎರಡು ವರ್ಷದ ಮೇಲೆ ಬೇರೆ ರೂಪದಲ್ಲಿ ಎದ್ದು ಬರುತ್ತಿತ್ತು. ಫ್ಲಿಂಟ್‌ನ ಜನ ಅಂದು ಕೈಯಾರೆ ಜೋಡಿಸಿದ ಒಂದು ವ್ಯವಸ್ಥೆ, ಎಪ್ಪತ್ತು ವರ್ಷ ಬಾಳಿದ್ದು, ಒಂದು ಉಂಗುರದಷ್ಟು ಪೇಂಟಿಗಾಗಿ ಹಾಳಾಗುತ್ತಿತ್ತು.

ಈಗ ಟಾಪ್ ನಿಲ್ಲದೆ ಒಂದೇ ಓಟಕ್ಕೆ ಏರುತ್ತದೆ, ನಾಲ್ಕು ಗಾಜೂ ಒಂದೇ ವೇಗದಲ್ಲಿ ಏರುತ್ತವೆ. ಹೆಡ್‌ಲೈಟ್ ಬಿಳಿಯಾಗಿದೆ. ಈ ಆಗಸ್ಟ್‌ನಲ್ಲಿ ಮತ್ತೆ ವುಡ್‌ವರ್ಡ್‌ಗೆ ಹೋದೆವು, ನನ್ನ ಮಗಳು ಹಿಂದಿನ ಸೀಟಿನಲ್ಲಿ. ನಾಲ್ಕು ಗಂಟೆ ತೆವಳಿದೆವು, ಆರು ಸಲ ನಿಲ್ಲಿಸಿ ಸ್ಟಾರ್ಟ್ ಮಾಡಿದೆವು. ಐದು ಸಲ ತಕ್ಷಣ ಹಿಡಿಯಿತು. ಒಂದು ಸಲ ಬಿಸಿಲಿಗೆ ಪೆಟ್ರೋಲ್ ಕುದಿದು ಸ್ವಲ್ಪ ಹೊತ್ತು ಎಳೆಯಬೇಕಾಯಿತು, ಆದರೆ ಸೆಲ್ಫ್ ಸೋಲಲಿಲ್ಲ. ಕಾರ್ಬೊರೇಟರ್ ಕೆಳಗೆ ಬಿಸಿ ತಡೆಯುವ ದಪ್ಪ ಗ್ಯಾಸ್ಕೆಟ್ ಹಾಕಿ ನೋಡಬೇಕು ಅಂತ ಇದ್ದೇವೆ.

ಚಳಿಗಾಲದ ಕೆಲಸ ಇನ್ನೊಂದು ಬಾಕಿ ಇದೆ. ಆ ಪಂಪಿನ ವ್ಯವಸ್ಥೆಯಲ್ಲಿ ಇರುವುದು ಬ್ರೇಕ್ ಎಣ್ಣೆ. ಅದು ಗಾಳಿಯ ತೇವ ಹೀರಿ ಸಿಲಿಂಡರಿನ ಒಳಗೆ ತುಕ್ಕು ಹಿಡಿಸುತ್ತದೆ, ಒಂದು ಹನಿ ಸೋರಿದರೂ ಪೇಂಟ್ ಎದ್ದು ಬರುತ್ತದೆ. ಎಡಗಡೆ ಬಾಗಿಲಿನ ಕೆಳಗೆ ನಿನ್ನೆ ಒಂದು ಚಿಕ್ಕ ಒದ್ದೆ ಕಲೆ ಕಂಡಿತು. ಪೇಂಟಿಗೆ ತಾಗುವ ಮುಂಚೆ ಆ ಸಿಲಿಂಡರ್ ಬಿಚ್ಚಬೇಕು. ಬರುವ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ.